ವರ್ಚುವಲ್ ಮಷೀನ್‌ಗೆ ಯಾವ ಡಿಸ್ಕ್ ಇಂಟರ್‌ಫೇಸ್?

ಗುಂಡ್ಲುಪೇಟೆಯ ಗೆಳೆಯನ ಹಳೇ ಡಿಟಿಪಿ ಕಂಪ್ಯೂಟರ್‌ನಲ್ಲಿ, ಕೆರೆಗೆ ನೀರು ಬಿಡಿ ಅಂತ ಊರಿನವರು ಬರೆಸಿದ್ದ ಮನವಿಗಳಿದ್ದವು. ಎಲ್ಲವೂ ವಿಂಡೋಸ್ ಎಕ್ಸ್‌ಪಿಯಲ್ಲಿ, ಹಳೆಯ ನುಡಿ ಫಾಂಟ್‌ನಲ್ಲಿ. ಆ ಡಿಸ್ಕನ್ನು ನಕಲು ಮಾಡಿ ಚಾಮರಾಜನಗರಕ್ಕೆ ತಂದೆ. ನನ್ನ ಲಿನಕ್ಸ್ ಕಂಪ್ಯೂಟರಿನೊಳಗೇ ಒಂದು ವರ್ಚುವಲ್ ಮಷೀನ್, ಅಂದರೆ ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಇನ್ನೊಂದು ಕಂಪ್ಯೂಟರ್, ಮಾಡಿದೆ. ವೇಗ ಜಾಸ್ತಿ ಅಂತ ವರ್ಟ್‌ಐಒ ಆರಿಸಿದೆ. ಬಂದದ್ದು ನೀಲಿ ಪರದೆ!

ಫೈಲುಗಳು ಹಾಳಾಗಿರಲಿಲ್ಲ. ಆ ಇಂಟರ್‌ಫೇಸ್‌ನ ಭಾಷೆ ಎಕ್ಸ್‌ಪಿಗೆ ಬರ್ತಿರಲಿಲ್ಲ, ಅಷ್ಟೆ. ಐಡಿಇಗೆ ಬದಲಿಸಿದೆ, ತೆರೆದುಕೊಂಡಿತು.

ಐಡಿಇ: ನಿಧಾನ, ಸಾಮಾನ್ಯವಾಗಿ 4 ಸಾಧನಗಳಿಗಷ್ಟೇ ಜಾಗ. ಆದರೆ ಎಕ್ಸ್‌ಪಿಯಂಥ ಹಳಬರಿಗೆ ಇದೇ ಸರಿ.

ಸಾಟಾ: ಒಮ್ಮೆಗೆ 32 ಆದೇಶಗಳನ್ನು ಸರದಿಯಲ್ಲಿಡಬಲ್ಲದು. ವಿಂಡೋಸ್ 7, 10ರಲ್ಲಿ ಡ್ರೈವರ್ ಒಳಗೇ ಇದೆ.

ವರ್ಟ್‌ಐಒ: ನಿಜವಾದ ಡಿಸ್ಕಿನಂತೆ ನಟಿಸದೆ ಹೊರಗಿನ ಕಂಪ್ಯೂಟರ್ ಜೊತೆ ನೇರ ಮಾತಾಡುತ್ತೆ, ಅದಕ್ಕೇ ವೇಗ. ಲಿನಕ್ಸ್‌ನಲ್ಲಿ 2008ರಿಂದಲೇ ಇದೆ. ವಿಂಡೋಸ್‌ಗಾದರೆ ಬದಲಿಸುವ ಮುಂಚೆಯೇ ಡ್ರೈವರ್ ಹಾಕ್ಬೇಕು.

ವರ್ಟ್‌ಐಒ ಸ್ಕಸಿ: ಹತ್ತಾರು ಡಿಸ್ಕ್ ಜೋಡಿಸುವ ಸರ್ವರ್‌ಗೆ.

ಒಳಗಿನ ಓಎಸ್‌ಗೆ ಏನು ಗೊತ್ತು ಅಂತ ಮೊದಲು ನೋಡಿ, ವೇಗದ ಮಾತು ಆಮೇಲೆ. ತೆರೆಯಲಾಗದ ದಾಖಲೆ ಇದ್ದೂ ಇಲ್ಲದಂತೆ. ಯಾವಾಗ ಕೇಳಿದ್ರಿ, ಏನು ಕೇಳಿದ್ರಿ ಅಂದರೆ ತೋರಿಸೋಕೆ ಕಾಗದ ಬೇಕಲ್ಲ? ನಿಮ್ಮೂರ ಹೋರಾಟದ ಫೈಲುಗಳು ಯಾವ ಮೂಲೆಯ ಕಂಪ್ಯೂಟರ್‌ನಲ್ಲಿವೆ ಹುಡುಕಿ. ಅದು ಕೆಡೋ ಮುಂಚೆ ನಕಲು ಮಾಡಿ, ಯೂನಿಕೋಡ್‌ಗೆ ತನ್ನಿ.