ರಾಣಿಗಂಜಿನ ಮೊದಲ ಕಲ್ಲಿದ್ದಲ ಗಣಿಗಳು

ಭಾರತದ ಕಲ್ಲಿದ್ದಲ ಉದ್ಯಮದ ಚರಿತ್ರೆಯನ್ನು 1774ರಿಂದ ಆರಂಭಿಸುವುದು ವಾಡಿಕೆ. ಆ ವರ್ಷ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳಾದ ಸಮ್ನರ್ ಮತ್ತು ಹೀಟ್ಲಿ ಎಂಬವರು ಬಂಗಾಳದ ದಾಮೋದರ ನದಿಯ ಸೀಮೆಯಲ್ಲಿ, ರಾಣಿಗಂಜ್ ಕ್ಷೇತ್ರದಲ್ಲಿ, ಗಣಿ ತೆರೆಯಲು ವಾರನ್ ಹೇಸ್ಟಿಂಗ್ಸನ ಸರ್ಕಾರದಿಂದ ಅನುಮತಿ ಪಡೆದರು. ಮರುವರ್ಷ ಸುಮಾರು 2500 ಮಣ ಕಲ್ಲಿದ್ದಲು ಕಂಪನಿಯ ಉಗ್ರಾಣವನ್ನು ಸೇರಿತು. ಪರೀಕ್ಷೆಯಲ್ಲಿ ಅದು ಕೀಳುದರ್ಜೆಯದೆಂದು ಕಂಡುದರಿಂದ ಕೆಲಸ ನಿಂತುಹೋಯಿತು.

ಈ ಸೋಲಿಗೆ ಕಲ್ಲಿದ್ದಲಿನ ಗುಣವೊಂದೇ ಕಾರಣವೆಂಬ ಮಾತನ್ನು ನಾವು ಒಪ್ಪಲಾರೆವು. ನೆಲದ ಮೇಲ್ಪದರದ ಕಲ್ಲಿದ್ದಲು ಗಾಳಿನೀರುಗಳಿಂದ ಸತ್ವಗುಂದಿರುವುದು ಸಹಜ. ಆಳಕ್ಕೆ ಅಗೆಯುವಷ್ಟು ತಾಳ್ಮೆಯನ್ನು ಒಬ್ಬನೇ ಗಿರಾಕಿಯಾಗಿದ್ದ ಕಂಪನಿ ತೋರಲಿಲ್ಲ. ಅಂದು ಭಾರತದ ನದಿಗಳಲ್ಲಿ ಉಗಿಹಡಗುಗಳಿರಲಿಲ್ಲವೆಂಬುದನ್ನೂ ಮರೆಯಲಾಗದು.

ಅದೇ ಕ್ಷೇತ್ರದಲ್ಲಿ 1815ರ ಸುಮಾರಿಗೆ ರೂಪರ್ಟ್ ಜೋನ್ಸ್ ಮತ್ತೆ ಅಗೆಯಿಸಿದನು. ಅವನ ಗಣಿ ಅಲೆಕ್ಸಾಂಡರ್ ಕಂಪನಿಯ ಕೈಸೇರಿ, 1836ರಲ್ಲಿ ಅದನ್ನು ದ್ವಾರಕಾನಾಥ ಠಾಕೂರರು, ಎಂದರೆ ಕವಿ ರವೀಂದ್ರರ ಅಜ್ಜ, 70,000 ರೂಪಾಯಿಗೆ ಕೊಂಡರು. ಆ ವೇಳೆಗೆ ಗಂಗೆಯ ಮೇಲೆ ಸರ್ಕಾರದ ಉಗಿಹಡಗುಗಳು ಓಡಾಡುತ್ತಿದ್ದವು. ತಿರಸ್ಕೃತವಾಗಿದ್ದ ಕ್ಷೇತ್ರಕ್ಕೆ ಬೆಲೆ ಬಂದುದು ಹೀಗೆ.

ಸಾಗಣೆಯ ತೊಡಕಾದರೋ ಹಾಗೆಯೇ ಉಳಿಯಿತು. ಬೇಸಿಗೆಯಲ್ಲಿ ದಾಮೋದರವು ಮರಳ ಹಾಸು. ಅಗೆದ ರಾಶಿ ದಡದಲ್ಲಿ ಬಿದ್ದು ಮಳೆಗಾಲದ ನೆರೆಗಾಗಿ ಕಾಯಬೇಕು. ನೆರೆ ಇಳಿಯುವುದರೊಳಗೆ ದೋಣಿಗಳು ಕಲ್ಕತ್ತದ ಕಡೆಗೆ ಹೊರಟುಬಿಡಬೇಕು. 1843ರಲ್ಲಿ ಸ್ಥಾಪಿತವಾದ ಬೆಂಗಾಲ್ ಕೋಲ್ ಕಂಪನಿಯೂ ಈ ನದಿಯ ಮರ್ಜಿಯನ್ನೇ ಕಾಯುತ್ತಿದ್ದಿತು. 1855ರಲ್ಲಿ ರೈಲು ರಾಣಿಗಂಜನ್ನು ಮುಟ್ಟಿದ ಮೇಲೆಯೇ ವರ್ಷವಿಡೀ ಕಲ್ಲಿದ್ದಲು ಸಾಗಿಸುವುದು ಸಾಧ್ಯವಾಯಿತು.