'ಕೊರೆ ಒ ಕುದಸಯ್': ಬೆಂಗಳೂರಿನ ಕೈಗಾರಿಕಾ ವಲಯ ಮತ್ತು ಅಂಗಡಿಯ ಜಪಾನೀ ನುಡಿ

ಬೆಂಗಳೂರಿಗೆ ಜಪಾನೀ ಭಾಷೆ ಬಂದದ್ದು ಯಂತ್ರಗಳ ಜೊತೆಗೆ. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿಯೇ ಜಪಾನಿಗೆ ಹೋಗಿಬಂದು, ಮುಂದೆ ಆ ದೇಶದ ಕೈಗಾರಿಕೆಯನ್ನು ಮಾದರಿಯಾಗಿ ಎತ್ತಿ ಹಿಡಿದರು. ಆದರೆ ಕಾರ್ಮಿಕರ ಮಟ್ಟದ ಸಂಪರ್ಕಕ್ಕೆ ನೆಲೆ ದೊರೆತದ್ದು 1961ರಲ್ಲಿ, ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಎಚ್‌ಎಂಟಿಯ ಕೈಗಡಿಯಾರ ಕಾರ್ಖಾನೆ ಜಾಲಹಳ್ಳಿಯಲ್ಲಿ ಆರಂಭವಾದಾಗ. 1970ರ ದಶಕದಲ್ಲಿ ನೆರೆಯ ಪೀಣ್ಯ ಬೆಳೆಯಿತು. 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿ ರೂಪುಗೊಂಡಿತು. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಸ್ಥಾಪನೆಯಾಗಿ ಬಿಡದಿಯಲ್ಲಿ ನೆಲೆಯೂರಿತು. 'ಕೈಜೆನ್', 'ಗೆಂಬಾ', 'ಮುದ' ಮೊದಲಾದ ಪದಗಳು ಕಾರ್ಯಾಗಾರದ ನುಡಿಯನ್ನು ಸೇರಿದವು. ಕನ್ನಡದಲ್ಲಿ ಸಂತೋಷವೆಂಬ ಅರ್ಥವುಳ್ಳ 'ಮುದ' ಜಪಾನಿಯಲ್ಲಿ ವ್ಯರ್ಥವೆಂಬ ಅರ್ಥದ್ದು ಎಂಬುದು ಕೇವಲ ಆಕಸ್ಮಿಕ.

ಎರವಲು ಪದಗಳ ಪಟ್ಟಿಯಿಂದಷ್ಟೇ ಈ ಚರಿತ್ರೆಯನ್ನು ಬರೆದರೆ ಅರ್ಧ ಮಾತ್ರ ದಕ್ಕುತ್ತದೆ. ತರಬೇತಿಗೋ ಯೋಜನೆಯ ಕೆಲಸಕ್ಕೋ ಜಪಾನಿಗೆ ಹೋದವನಿಗೆ ಸಂಜೆ ಅಂಗಡಿಯಲ್ಲಿ 'ಕೈಜೆನ್' ಒದಗುವುದಿಲ್ಲ. ಅಲ್ಲಿ ಬೇಕಾದದ್ದು ಬೆಲೆ ಕೇಳುವ, ವಸ್ತುವನ್ನು ಬೇಡುವ ನಾಲ್ಕಾರು ವಾಕ್ಯಗಳು. ಆ ವಾಕ್ಯಗಳು ಕನ್ನಡಿಗನಿಗೆ ಎಷ್ಟು ಹತ್ತಿರದವು ಎಂಬುದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

'ಕೊರೆ ಒ ಕುದಸಯ್' ಎಂಬುದನ್ನು ಬಿಡಿಸಿದರೆ 'ಇದ-ನ್ನು ಕೊಡಿ' ಎಂದಾಗುತ್ತದೆ. ಕರ್ಮ ಮೊದಲು, ಅದರ ಹಿಂದೆ ವಿಭಕ್ತಿಸೂಚಕ, ಕೊನೆಯಲ್ಲಿ ಗೌರವಾರ್ಥದ ವಿಧಿರೂಪ. 'ಮಿಸೆತೆ ಕುದಸಯ್' ಎಂಬುದು 'ತೋರಿಸಿ ಕೊಡಿ'. 'ಮಿಸೆತೆ'ಯಲ್ಲಿನ '-ತೆ' ರೂಪ ನಮ್ಮ ಕ್ರಿಯಾನ್ಯೂನದ ಕೆಲಸವನ್ನೇ ಮಾಡುತ್ತದೆ. 'ಸುಕೊಶಿ ಯಸುಕು ಶಿತೆ ಕುದಸಯ್' ಎಂಬ ವಾಕ್ಯವಂತೂ 'ಸ್ವಲ್ಪ ಅಗ್ಗ ಮಾಡಿ ಕೊಡಿ' ಎಂದು ಪದಕ್ಕೆ ಪದ ಹೊಂದುತ್ತದೆ. 'ಕೊರೆ ವ ಇಕುರ ದೆಸು ಕ' ಎಂಬಲ್ಲಿನ 'ಕ' ನಮ್ಮ ಪ್ರಶ್ನಾರ್ಥಕ 'ಆ'ದಂತೆ ವಾಕ್ಯದ ತುದಿಯಲ್ಲಿ ನಿಲ್ಲುತ್ತದೆ. ಆದರೆ 'ಇದು ಎಷ್ಟು?' ಎನ್ನುವಾಗ ಕನ್ನಡಕ್ಕೆ ಅದು ಬೇಡ, ಜಪಾನಿಯಲ್ಲಿ ಪ್ರಶ್ನಪದವಿದ್ದರೂ ಅದು ಬರುತ್ತದೆ.

ಈ ಹೋಲಿಕೆಗಳಿಂದ ವಂಶಸಂಬಂಧವನ್ನು ಊಹಿಸಬೇಕಾಗಿಲ್ಲ. ಸುಸುಮು ಓನೊ ತಮಿಳು ಮತ್ತು ಜಪಾನಿಗಳ ನಡುವೆ ಧ್ವನಿಸಾಮ್ಯಗಳನ್ನು ಮುಂದಿಟ್ಟು 1980ರಲ್ಲಿ ಗ್ರಂಥ ಪ್ರಕಟಿಸಿದರು. ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಅದನ್ನು ಒಪ್ಪಲಿಲ್ಲ. ನಮ್ಮ ವಾದಕ್ಕೆ ರಚನಾಸಾಮ್ಯವಷ್ಟೇ ಸಾಕು.

ಸಾಮ್ಯ ಮುಗಿಯುವ ಎಡೆಗಳೂ ಬೋಧಪ್ರದವಾಗಿವೆ. ಜಪಾನಿಯಲ್ಲಿ 'ಕೊರೆ' ಮಾತನಾಡುವವನ ಬಳಿಯದು, 'ಸೊರೆ' ಕೇಳುವವನ ಬಳಿಯದು, 'ಅರೆ' ಇಬ್ಬರಿಗೂ ದೂರದ್ದು. ಹೊಸಗನ್ನಡದ ಭಾಷಿಕ ಕೊನೆಯ ಎರಡಕ್ಕೂ 'ಅದು' ಎನ್ನುತ್ತಾನೆ. ಆದ್ದರಿಂದ ಅಂಗಡಿಯವನ ಕೈಯಲ್ಲಿರುವ ವಸ್ತುವಿಗೂ 'ಅರೆ' ಎಂದುಬಿಡುವ ಸಂಭವವುಂಟು. ಹಳಗನ್ನಡದಲ್ಲಿ ನಡುವಣ ದೂರವನ್ನು ಸೂಚಿಸುವ 'ಉದು' ಇತ್ತು. ಅದು 'ಸೊರೆ'ಗೆ ಸಮಾನವಲ್ಲದಿದ್ದರೂ, ಮೂರರ ವ್ಯವಸ್ಥೆ ನಮಗೆ ಹೊಸತಲ್ಲವೆಂದು ತೋರಿಸಿಕೊಡಲು ನೆರವಾಗುತ್ತದೆ. ಎಣಿಕೆಯಲ್ಲಿಯೂ ಹೀಗೆಯೇ. 'ಹಿತೊತ್ಸು, ಫುತತ್ಸು' ಎದುರು 'ಹಿತೊರಿ, ಫುತರಿ' ಇರುವುದು 'ಒಂದು, ಎರಡು' ಎದುರು 'ಒಬ್ಬರು, ಇಬ್ಬರು' ಇದ್ದಂತೆ. ಆದರೆ ಉದ್ದನೆಯ ವಸ್ತುವಿಗೆ 'ಹೊನ್', ಚಪ್ಪಟೆಯದಕ್ಕೆ 'ಮಯ್' ಎಂಬ ವರ್ಗಸೂಚಕಗಳನ್ನು ಹೊಸದಾಗಿಯೇ ಕಲಿಯಬೇಕು.

ಲಿಪಿಯ ಪ್ರಶ್ನೆ ಇನ್ನೂ ಮುಖ್ಯವಾದದ್ದು. 'ಕಿತ್ತೆ ಒ ಕುದಸಯ್' ಎಂದರೆ 'ಅಂಚೆಚೀಟಿ ಕೊಡಿ'. 'ಕಿತೆ ಕುದಸಯ್' ಎಂದರೆ 'ಬನ್ನಿ'. 'ಬೀರು' ಎಂದರೆ ಬಿಯರು; 'ಬಿರು' ಎಂದರೆ ಕಟ್ಟಡ. ರೋಮನ್ ಬರಹದಲ್ಲಿ ದೀರ್ಘಚಿಹ್ನೆ ಹಲವೆಡೆ ಬಿಟ್ಟುಹೋಗುತ್ತದೆ. ಕನ್ನಡ ಲಿಪಿ ಹ್ರಸ್ವದೀರ್ಘಗಳನ್ನೂ ದ್ವಿತ್ವವನ್ನೂ ಬರೆಯದೆ ಮುಂದೆ ಸಾಗುವುದೇ ಇಲ್ಲ. ಹ್ರಸ್ವ 'ಎ', 'ಒ'ಗಳು ಅದರಲ್ಲಿ ಸಹಜವಾಗಿಯೇ ಇವೆ. ಜಪಾನೀ ಅಕ್ಷರಗಳ 'ಅ, ಕ, ಸ, ತ, ನ, ಹ, ಮ, ಯ, ರ, ವ' ಎಂಬ ಕ್ರಮವೂ ಬೌದ್ಧರ ಸಿದ್ಧಂ ಲಿಪಿಯ ಅಧ್ಯಯನದ ಮೂಲಕ ಭಾರತೀಯ ವರ್ಣಮಾಲೆಯಿಂದ ಪಡೆದದ್ದು. ಅಲ್ಲಿ 'ಹ' ಪವರ್ಗದ ಸ್ಥಾನದಲ್ಲಿರುವುದು ಅದರ ಹಿಂದಿನ ರೂಪ 'ಪ' ಆಗಿದ್ದುದರಿಂದ.

ವ್ಯಾಕರಣ ಹೊಂದಿದ ಮಾತ್ರಕ್ಕೆ ವ್ಯವಹಾರ ಹೊಂದುವುದಿಲ್ಲ ಎಂಬುದೂ ನಿಜ. 'ಸ್ವಲ್ಪ ಅಗ್ಗ ಮಾಡಿ ಕೊಡಿ' ಎಂಬುದು ಕೆ.ಆರ್. ಮಾರುಕಟ್ಟೆಯಲ್ಲಿ ಮಾತಿನ ಆರಂಭ. ನಿಗದಿತ ಬೆಲೆಯೇ ರೂಢಿಯಾಗಿರುವ ಜಪಾನಿನ ಅಂಗಡಿಯಲ್ಲಿ ಅದು ಇರುಸುಮುರುಸು. ಉತ್ತರವಾಗಿ ಬರುವ 'ಚೊತ್ತೊ...' ಎಂಬ ಅರೆಮಾತು ನಿರಾಕರಣೆಯೇ ಆಗಿರಬಹುದು. 'ಸ್ವಲ್ಪ ಕಷ್ಟ' ಎಂದು ಹೇಳಿ 'ಆಗದು' ಎಂದು ತಿಳಿಸುವ ನಮಗೆ ಅದನ್ನು ಅರಿಯುವುದು ಕಷ್ಟವಾಗಬಾರದು.

ಬೆಂಗಳೂರಿನಲ್ಲಿ ಜಪಾನೀ ಬೋಧನೆ ಇಂಗ್ಲಿಷಿನ ಮೂಲಕ ನಡೆದಾಗ, ಕ್ರಿಯಾಪದ ಕೊನೆಗೆ ಬರುವುದು ಕನ್ನಡಿಗ ವಿದ್ಯಾರ್ಥಿಗೂ ಒಂದು ವಿಚಿತ್ರ ನಿಯಮವಾಗಿ ಕಾಣಿಸುತ್ತದೆ. ತನ್ನ ಮನೆಮಾತಿನಲ್ಲಿ ದಿನವೂ ಮಾಡುವುದನ್ನು ಅವನು ಎರಡು ಬಾರಿ ತಿರುವಿ ಕಲಿಯುತ್ತಾನೆ. ಕನ್ನಡದಲ್ಲಿಯೇ, ಕನ್ನಡ ವ್ಯಾಕರಣದ ಪರಿಭಾಷೆಯಲ್ಲಿಯೇ ಜಪಾನೀ ಪ್ರವೇಶಿಕೆಯೊಂದನ್ನು ರಚಿಸುವುದು ಅಭಿಮಾನದ ಮಾತಲ್ಲ, ಬೋಧನೆಯ ಮಿತವ್ಯಯ. ಕಾರ್ಖಾನೆಯ ಪರಿಭಾಷೆಯಲ್ಲಿಯೇ ಹೇಳುವುದಾದರೆ, ಈಗಿನ ಸುತ್ತುದಾರಿಯೇ 'ಮುದ'.