ಅಂತರಶಿಸ್ತೀಯ

ನಡುವಿನ ‘ಶಿಸ್ತು’ ಶಾಲೆಯ ಸಾಲಿನದಲ್ಲ, ವಿದ್ಯಾಶಾಖೆ. ಅದಕ್ಕೂ ಹಿಂದೆ ಕರಾವಳಿಯವರಿಗೆ ಅದು ತೆರಿಗೆ: ಕೆಳದಿಯ ಶಿವಪ್ಪನಾಯಕ 17ನೇ ಶತಮಾನದಲ್ಲಿ ನೆಲದ ಗುಣ ನೋಡಿ ಗೊತ್ತುಮಾಡಿದ ಕಂದಾಯಕ್ಕೆ ಇಂದಿಗೂ ‘ಶಿವಪ್ಪನಾಯಕನ ಶಿಸ್ತು’ ಎಂದೇ ಹೆಸರು. ಸಂಸ್ಕೃತವಲ್ಲದ ಈ ಪದಕ್ಕೆ ಮುಂದೆ ‘ಅಂತರ’, ಹಿಂದೆ ‘ಈಯ’ ಅಂಟಿಸಿದ್ದಕ್ಕೆ ಪಂಡಿತರು ಮೂಗು ಮುರಿದಾರು; ಪದವಂತೂ ನಿಂತಿದೆ.

ಅಂತರಶಿಸ್ತೀಯ ಪದವಿಗೆ ಒಳ್ಳೆಯ ಉದಾಹರಣೆ ಅಮೆರಿಕನ್ ಅಧ್ಯಯನ. ಸಾಹಿತ್ಯ, ಚರಿತ್ರೆಗಳನ್ನು ಒಟ್ಟಿಗೆ ಓದಿಸುವ ಈ ವಿಷಯದಲ್ಲಿ ಹಾರ್ವರ್ಡ್‌ನಿಂದ 1940ರಲ್ಲಿ ಮೊದಲ ಡಾಕ್ಟರೇಟ್ ಪಡೆದವರು ಹೆನ್ರಿ ನ್ಯಾಶ್ ಸ್ಮಿತ್. ನಮ್ಮಲ್ಲಿ 1964ರಲ್ಲಿ ಹೈದರಾಬಾದಿನಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರ ತೆರೆಯಿತು.

ಉಡುಪಿ ಸೀಮೆಯಲ್ಲಿ ಅಮೆರಿಕವನ್ನೇ ಓದಬೇಕೆಂದಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ ಅವರೇ ತುಳುನಾಡಿಗೆ ಬಂದು ಪಾಡ್ದನಗಳೆಂಬ ಕಥನಗೀತೆಗಳ ಬೆನ್ನುಹತ್ತಿದರು. ನೇಜಿ ನೆಡುತ್ತ ಹೆಂಗಸರು ಹಾಡುವ ಪಾಡ್ದನವನ್ನೇ ನೋಡಿ: ತುಳು ಬೇಕು, ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಕಟ್ಟು ತಿಳಿದಿರಬೇಕು, ಗದ್ದೆ ಯಾರದೆಂಬ ಲೆಕ್ಕವೂ ಬೇಕು. ಮಣಿಪಾಲದ ಮಾನವಿಕ ಕೇಂದ್ರದ ವಿದ್ಯಾರ್ಥಿ ಕಾರ್ಕಳದ ಗೊಮ್ಮಟನನ್ನು ಹಿಡಿದರೂ ಅಷ್ಟೇ. 1432ರ ಶಾಸನ ಓದಿದರೆ ಸಾಲದು, ಶಿಲ್ಪ, ಜೈನಧರ್ಮ, ಅಲ್ಲಿ ಆಳಿದ ಭೈರರಸರ ರಾಜಕಾರಣ ಎಲ್ಲ ಬೇಕು.

‘ಬಹುಶಿಸ್ತೀಯ’ ಬೇರೆ. ಅಲ್ಲಿ ನಾಲ್ವರು ತಜ್ಞರು ತಂತಮ್ಮ ಅಧ್ಯಾಯ ಬರೆದು ಎದ್ದು ಹೋಗಬಹುದು.